ಕೆಲಸ ಹೋಗಿದೆ ಅಂತ ಮೊದಲು ಯಾರಿಗೆ ಹೇಳಬೇಕು?

ಕಂಪನಿಗೆ ಕಷ್ಟ ಬಂದಾಗ ಮೊದಲು ಕತ್ತರಿ ಬೀಳುವುದು ಮಾರ್ಕೆಟಿಂಗ್ ಮೇಲೆ. ಕಟ್ಟಡದ ಬಾಡಿಗೆ ನಿಲ್ಲಿಸಲು ಆಗುವುದಿಲ್ಲ, ಬ್ಯಾಂಕಿನ ಬಡ್ಡಿ ನಿಲ್ಲಿಸಲು ಆಗುವುದಿಲ್ಲ, ಕಚ್ಚಾ ಮಾಲು ಇಲ್ಲದೆ ಫ್ಯಾಕ್ಟರಿ ನಡೆಯುವುದಿಲ್ಲ. ಜಾಹೀರಾತು ಹಾಗಲ್ಲ. ಇವತ್ತು ನಿಲ್ಲಿಸಿದರೆ ಇವತ್ತೇ ದುಡ್ಡು ಉಳಿಯುತ್ತದೆ. ಅದರ ಪೆಟ್ಟು ಗೊತ್ತಾಗುವುದು ಆರು ತಿಂಗಳೋ ವರ್ಷವೋ ಕಳೆದ ಮೇಲೆ.

2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ದೊಡ್ಡ ಬ್ಯಾಂಕ್ ಲೇಮನ್ ಬ್ರದರ್ಸ್ ಮುಳುಗಿದಾಗ ನಾನು ಕೆಲಸಕ್ಕೆ ಹೊಸಬಳು. ನಮ್ಮ ಕಂಪನಿ ಮಾರುತ್ತಿದ್ದದ್ದು ಸಾಬೂನು, ಮಸಾಲೆ ಪುಡಿ. ಅಲ್ಲೆಲ್ಲೋ ಇರುವ ಬ್ಯಾಂಕಿಗೂ ಹಾಸನದ ಕಿರಾಣಿ ಅಂಗಡಿಗೂ ಏನು ಸಂಬಂಧ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಕೆಲವೇ ತಿಂಗಳಲ್ಲಿ ಗೋಡೆ ಬರಹದ ಬಜೆಟ್ ಹೋಯಿತು. ಜಾತ್ರೆ, ಮೇಳಗಳ ಸ್ಟಾಲ್ ಹೋದವು. ಆಮೇಲೆ ಅವನ್ನು ನೋಡಿಕೊಳ್ಳುತ್ತಿದ್ದ ಹುಡುಗರೂ ಹೋದರು. 2020ರ ಏಪ್ರಿಲ್–ಜೂನ್‌ನಲ್ಲಿ ದೇಶದ ಜಿಡಿಪಿ ಹಿಂದಿನ ವರ್ಷಕ್ಕಿಂತ ಸುಮಾರು ಶೇ. 24ರಷ್ಟು ಕುಸಿಯಿತು. ಮುಂದಿನ ಮೂರು ತಿಂಗಳೂ ಇಳಿಕೆಯೇ. ಆ ಸಲ ಹೋದದ್ದು ನನ್ನ ಕೆಲಸ.

1930ರ ದಶಕದ ಮಹಾಕುಸಿತದಲ್ಲಿ ಅಮೆರಿಕದಲ್ಲಿ ಬೆಳಗಿನ ತಿಂಡಿಯ ಸೀರಿಯಲ್ ಮಾರುವ ಪೋಸ್ಟ್ ಕಂಪನಿ ಜಾಹೀರಾತು ಕಡಿಮೆ ಮಾಡಿತು, ಅದರ ಎದುರಾಳಿ ಕೆಲ್ಲಾಗ್ ಮಾತ್ರ ಇನ್ನೂ ಜಾಸ್ತಿ ಖರ್ಚು ಮಾಡಿ ಮುಂದೆ ಹೋಯಿತು ಅನ್ನುವುದು ಮಾರ್ಕೆಟಿಂಗ್ ಓದಿದವರಿಗೆಲ್ಲ ಬಾಯಿಪಾಠ. ಆದರೆ ಬಜೆಟ್ ಮೀಟಿಂಗ್‌ನಲ್ಲಿ ಆ ಮಾತು ನಿಲ್ಲುವುದಿಲ್ಲ. ಹಾಗಾಗಿ ಮಂದಿ ಕೆಲಸ ಕಳೆದುಕೊಳ್ಳುತ್ತಾರೆ, ಮತ್ತು ಅದರಲ್ಲಿ ಬಹಳಷ್ಟು ಜನ ಒಳ್ಳೆಯ ಕೆಲಸಗಾರರೇ. ಇದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆ ಕೆಲಸ ಹೋಯಿತು ಅಂದರೆ ಏನೋ ತಪ್ಪು ಮಾಡಿರಬೇಕು ಅನ್ನುವ ನೋಟವೇ ಮೊದಲು ಬರುತ್ತದೆ.

ಆ ನೋಟಕ್ಕೆ ಹೆದರಿ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ. ಬೆಂಗಳೂರಿನ ರೂಮು ಖಾಲಿ ಮಾಡಿ ಬ್ಯಾಗು, ಮಾನಿಟರ್ ಸಮೇತ ಚಿಕ್ಕಮಗಳೂರಿಗೆ ಬರುತ್ತಾರೆ. ಕೇಳಿದವರಿಗೆ ವರ್ಕ್ ಫ್ರಮ್ ಹೋಮ್ ಅನ್ನುತ್ತಾರೆ. ಬಸವನಹಳ್ಳಿಯ ನಮ್ಮ ಬೀದಿಯಲ್ಲೇ ಅಂಥ ಒಬ್ಬ ಹುಡುಗ ಇದ್ದ. ಸ್ಟಾರ್ಟಪ್ ಒಂದರಲ್ಲಿ ಡಿಜಿಟಲ್ ಮಾರ್ಕೆಟಿಂಗ್. ಒಂದೇ ದಿನ ಇಡೀ ಟೀಮನ್ನು ತೆಗೆದಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಕೋಣೆಯ ಬಾಗಿಲು ಹಾಕಿಕೊಂಡರೆ ತೆಗೆಯುವುದು ಸಂಜೆ ಆರಕ್ಕೆ. ಅವನ ಅಮ್ಮ ಕಾಫಿ ತಂದು ಬಾಗಿಲ ಹತ್ತಿರ ಸ್ಟೂಲಿನ ಮೇಲಿಟ್ಟು, ಸದ್ದಾಗದ ಹಾಗೆ ಲೋಟದ ಮೇಲೆ ತಟ್ಟೆ ಮುಚ್ಚಿ ಹೋಗುತ್ತಿದ್ದರು. ಮಗ ಮೀಟಿಂಗ್‌ನಲ್ಲಿದ್ದಾನೆ ಅಂತ.

ಒಂದು ಸಂಜೆ ಗೇಟಿನ ಹತ್ತಿರ ಸಿಕ್ಕ. "ಅಕ್ಕಾ, ನಿಮ್ಮ ಕಂಪನಿಲಿ ಏನಾದ್ರೂ ಇದ್ರೆ ಹೇಳ್ತೀರಾ?" ಅಂದ. ನನಗೆ ತಕ್ಷಣ ಅರ್ಥವಾಯಿತು.

"ಮನೇಲಿ ಗೊತ್ತಾ?"

"ಇಲ್ಲ ಅಕ್ಕಾ. ತಂಗಿ ಮದುವೆ ಮಾತುಕತೆ ನಡೀತಿದೆ. ಅದೊಂದು ಮುಗೀಲಿ ಅಂತ."

ಇದನ್ನು ಬರೀ ಸಂಕೋಚ ಅಂತ ತಳ್ಳಿಹಾಕಲು ಆಗುವುದಿಲ್ಲ. ಗಂಡಿನ ಕಡೆಯವರು ಅಣ್ಣ ಏನು ಮಾಡುತ್ತಾನೆ ಅಂತ ಕೇಳಿಯೇ ಕೇಳುತ್ತಾರೆ. ಅವನ ಭಯ ನಿಜವಾದ ಭಯ. ಹಾಗಾದರೆ ಇನ್ನು ಯಾರಿಗೆ ಹೇಳಿದ್ದೀಯಾ ಅಂತ ಕೇಳಿದೆ. ಇಬ್ಬರು ಆಪ್ತ ಸ್ನೇಹಿತರಿಗೆ. ಅವರಿಬ್ಬರೂ ಅದೇ ಟೀಮಿನಲ್ಲಿದ್ದು ಅದೇ ದಿನ ಕೆಲಸ ಕಳೆದುಕೊಂಡವರು. ಮೂವರೂ ರಾತ್ರಿ ಫೋನಿನಲ್ಲಿ ಒಂದೇ ಪೋರ್ಟಲ್‌ನ ಒಂದೇ ಲಿಂಕ್ ಕಳಿಸಿಕೊಂಡು, ಒಂದೇ ಕೆಲಸಕ್ಕೆ ಮೂವರೂ ಅರ್ಜಿ ಹಾಕುತ್ತಿದ್ದರು.

ನಾನು ಈ ಬರಹದಲ್ಲಿ ಹೇಳಬೇಕು ಅಂತಿರುವುದು ಇಲ್ಲಿದೆ. ಕೆಲಸ ಹೋದಾಗ ನಾವು ಆಪ್ತರಿಗೆ ಮಾತ್ರ ಹೇಳುತ್ತೇವೆ. ಆದರೆ ಮುಂದಿನ ಕೆಲಸದ ಸುಳಿವು ಇರುವುದು ಹೆಚ್ಚಾಗಿ ಆಪ್ತರಲ್ಲದವರ ಹತ್ತಿರ. ಮುಖ ಪರಿಚಯ ಇರುವವರು, ವರ್ಷಕ್ಕೊಮ್ಮೆ ಹಬ್ಬದ ಮೆಸೇಜ್ ಕಳಿಸುವವರು, ಹಳೆಯ ಡೀಲರ್, ಹಿಂದಿನ ಕಂಪನಿಯ ಅಕೌಂಟ್ಸ್ ವಿಭಾಗದವರು. ಅವರಿಗೆ ಮೊದಲು ಹೇಳಿ.

ಇದು ನನ್ನೊಬ್ಬಳ ಅನುಭವ ಅಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಇದನ್ನೇ ಬರೆದರು. ಬಾಸ್ಟನ್ ಹತ್ತಿರದ ಊರೊಂದರಲ್ಲಿ ಹೊಸದಾಗಿ ಕೆಲಸ ಬದಲಿಸಿದವರನ್ನು ಮಾತಾಡಿಸಿದ್ದರು. ಪರಿಚಯದಿಂದ ಕೆಲಸ ಸಿಕ್ಕವರಿಗೆ, ಸುದ್ದಿ ಕೊಟ್ಟವರನ್ನು ಆ ಹೊತ್ತಿನಲ್ಲಿ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಅಂತ ಕೇಳಿದರು. ವಾರಕ್ಕೆ ಎರಡು ಸಲವಾದರೂ ನೋಡುತ್ತಿದ್ದೆವು ಅಂದವರು ಶೇ. 16.7 ಮಾತ್ರ. ಅಪರೂಪಕ್ಕೆ, ಅಂದರೆ ವರ್ಷಕ್ಕೆ ಒಂದು ಸಲವೋ ಅದಕ್ಕೂ ಕಡಿಮೆಯೋ ಅಂದವರು ಶೇ. 27.8. ಉಳಿದ ಅರ್ಧಕ್ಕಿಂತ ಹೆಚ್ಚು ಜನ ಇವೆರಡರ ನಡುವೆ. ಐವತ್ತು ವರ್ಷದ ಹಿಂದಿನ ಮಾತು, ಅದೂ ಅಮೆರಿಕದ್ದು ಅನ್ನಬಹುದು. 2022ರಲ್ಲಿ ಉದ್ಯೋಗದ ಜಾಲತಾಣ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದ ದೊಡ್ಡ ಅಧ್ಯಯನ ಒಂದು ಪ್ರಕಟವಾಯಿತು. ಅದರಲ್ಲೂ ಹೆಚ್ಚು ಉಪಯೋಗಕ್ಕೆ ಬಂದದ್ದು ತೀರಾ ಹತ್ತಿರದವರಲ್ಲ, ತೀರಾ ಅಪರಿಚಿತರೂ ಅಲ್ಲ. ಅಲ್ಪಸ್ವಲ್ಪ ಪರಿಚಯ ಇರುವವರು.

ಕಾರಣ ಕಷ್ಟದ್ದೇನಲ್ಲ. ನನ್ನ ಆಪ್ತರಿಗೆ ಗೊತ್ತಿರುವುದೆಲ್ಲ ನನಗೂ ಗೊತ್ತು. ನಾವು ಒಂದೇ ಕಡೆ ಓಡಾಡುತ್ತೇವೆ, ಒಂದೇ ಗ್ರೂಪಿನಲ್ಲಿರುತ್ತೇವೆ. ದೂರದ ಪರಿಚಯದವರು ಓಡಾಡುವ ಜಾಗವೇ ಬೇರೆ. ಅವರ ಕಿವಿಗೆ ಬೀಳುವ ಮಾತೂ ಬೇರೆ.

ನಮ್ಮ ಕಾಫಿ ಬೆಳೆಗಾರರು ಇದನ್ನು ಕಷ್ಟಪಟ್ಟು ಕಲಿತವರು. 1990ರ ದಶಕದ ಆರಂಭದವರೆಗೆ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ (ಎಲ್ಲರ ಕಾಫಿ ಒಟ್ಟು ಸೇರಿಸಿ ಬೋರ್ಡೇ ಮಾರುವ ವ್ಯವಸ್ಥೆಗೆ) ಕೊಡಬೇಕಿತ್ತು. ದುಡ್ಡು ಕಂತಿನಲ್ಲಿ ಬರುತ್ತಿತ್ತು. ಆಲ್ದೂರಿನ ಕಡೆ ನಮ್ಮದು ಸಣ್ಣ ತೋಟ. ಅಪ್ಪನಿಗೆ ಗಿಡ ಗೊತ್ತಿತ್ತು, ಕೊಳ್ಳುವವರು ಗೊತ್ತಿರಲಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ಅದಾದ ಕೆಲವೇ ವರ್ಷದಲ್ಲಿ ವಿಯೆಟ್ನಾಂ ಕಾಫಿ ಜಗತ್ತಿಗೆಲ್ಲ ಹರಿದು ಬಂದು ಬೆಲೆ ನೆಲ ಕಚ್ಚಿತು. 2001, 2002ರಲ್ಲಿ ಕೂಲಿಯ ದುಡ್ಡೂ ಹುಟ್ಟದೆ ಹಣ್ಣನ್ನು ಗಿಡದಲ್ಲೇ ಬಿಟ್ಟವರನ್ನು ನೋಡಿದ್ದೇನೆ.

ಆ ಕಾಲದಲ್ಲಿ ಅಪ್ಪನಿಗೆ ಸರಿಯಾದ ರೇಟು ಹೇಳುತ್ತಿದ್ದವರು ಯಾರು? ಪಕ್ಕದ ತೋಟದ ದೊಡ್ಡಪ್ಪ ಅಲ್ಲ. ಅವರಿಗೂ ಅಪ್ಪನಿಗೆ ಗೊತ್ತಿದ್ದಷ್ಟೇ ಗೊತ್ತಿತ್ತು. ಹೇಳುತ್ತಿದ್ದದ್ದು ಮೂಟೆ ಸಾಗಿಸುವ ಲಾರಿಯ ಡ್ರೈವರ್. ಅವನು ಮೂಡಿಗೆರೆ, ಸಕಲೇಶಪುರ, ಹಾಸನದಲ್ಲಿ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗಳನ್ನೆಲ್ಲ ಸುತ್ತುತ್ತಿದ್ದ. ಯಾರು 50 ಕೆಜಿ ಮೂಟೆಗೆ ಎಷ್ಟು ಕೊಡುತ್ತಿದ್ದಾರೆ, ಯಾರು ದುಡ್ಡು ಬಾಕಿ ಉಳಿಸಿಕೊಂಡಿದ್ದಾರೆ, ಎಲ್ಲವೂ ಅವನ ಬಾಯಲ್ಲಿ. ಅವನು ಬಂದಾಗ ಅಪ್ಪ ಕೂರಿಸಿ ತಿಂಡಿ ಕೊಟ್ಟು ನಿಧಾನವಾಗಿ ಮಾತಾಡಿಸುತ್ತಿದ್ದರು.

2020ರಲ್ಲಿ ನನಗೆ ಆದದ್ದೂ ಹೀಗೇ. ನೆಂಟರಿಷ್ಟರೆಲ್ಲ ಪ್ರೀತಿಯಿಂದ "ಹೇಳಿರ್ತೀನಿ ಬಿಡಮ್ಮ" ಅಂದರು. ಅವರ ಪ್ರೀತಿಗೆ ಕೊರತೆ ಇರಲಿಲ್ಲ, ಆದರೆ ಹೇಳಲು ಅವರಿಗೆ ಜಾಗವೇ ಇರಲಿಲ್ಲ. ಕೊನೆಗೆ ದಾರಿ ಆದದ್ದು ಹಾಸನದ ಕಟ್ಟಿನಕೆರೆ ಮಾರ್ಕೆಟ್ ಹತ್ತಿರದ ಸಗಟಾಗಿ ಮಾಲು ಇಟ್ಟುಕೊಂಡು ಅಂಗಡಿಗಳಿಗೆ ಕೊಡುವ ಒಬ್ಬ ಸ್ಟಾಕಿಸ್ಟ್‌ನಿಂದ. ನಾನು ಅಂಗಡಿಗಳನ್ನು ಸುತ್ತುವ ಬೀಟ್‌ಗೆ ಹೋದಾಗ ಅವರ ಅಂಗಡಿಯಲ್ಲಿ ನಿಂತು ಲೆಕ್ಕ ನೋಡಿಕೊಂಡು ಬರುತ್ತಿದ್ದೆ, ಅಷ್ಟೇ ಪರಿಚಯ. ಕಂಪನಿಯಿಂದ ಬರಬೇಕಾದ ಹಳೆಯ ಕ್ಲೇಮ್ ಒಂದು ಬಾಕಿ ಇದೆ ಅಂತ ಅವರೇ ಫೋನ್ ಮಾಡಿದರು. ಸರ್, ನಾನು ಈಗ ಆ ಕಂಪನಿಯಲ್ಲಿಲ್ಲ, ಕೆಲಸ ಹೋಯಿತು ಅಂದೆ. ಆದರೂ ಆ ಕ್ಲೇಮ್‌ಗೆ ಯಾರನ್ನು ಹಿಡಿಯಬೇಕು ಅಂತ ಹೆಸರು, ನಂಬರ್ ಕೊಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಂಗಳೂರು ಕಡೆ ಕಂಪನಿಯವರೊಬ್ಬರು ಹಾಸನ–ಚಿಕ್ಕಮಗಳೂರು ಲೈನ್ ಗೊತ್ತಿರೋರು ಬೇಕು ಅಂತಿದ್ರು ಮೇಡಂ, ನಂಬರ್ ಕೊಡ್ಲಾ?" ಅಂದರು. ಆ ಕೆಲಸದ ಜಾಹೀರಾತು ಎಲ್ಲೂ ಬಂದಿರಲಿಲ್ಲ. ಬರುತ್ತಲೂ ಇರಲಿಲ್ಲ.

ಹಿಂಜರಿತದ ಕಾಲದಲ್ಲಿ ಇದು ಇನ್ನೂ ಜಾಸ್ತಿ. ಹೊಸ ನೇಮಕಾತಿ ಬಂದ್ ಅಂತ ಹೆಡ್ ಆಫೀಸ್ ಆದೇಶ ಹೊರಡಿಸಿರುತ್ತದೆ. ಆದರೆ ಯಾರೋ ಬಿಟ್ಟು ಹೋಗಿರುತ್ತಾರೆ, ಯಾರೋ ಹೆರಿಗೆ ರಜೆಯಲ್ಲಿರುತ್ತಾರೆ, ಹೊಸ ಮಾಲು ಬಿಡುವುದಿರುತ್ತದೆ. ಮ್ಯಾನೇಜರ್‌ಗೆ ಜನ ಬೇಕು, ಜಾಹೀರಾತು ಕೊಡುವ ಹಾಗಿಲ್ಲ. ಕೊಟ್ಟರೆ ಸಾವಿರಗಟ್ಟಲೆ ಅರ್ಜಿ ಬರುತ್ತವೆ, ಓದುವವರು ಯಾರು? ಆಗ ಅವರು ಗೊತ್ತಿದ್ದವರನ್ನು ಕೇಳುತ್ತಾರೆ. ಆ ಗೊತ್ತಿದ್ದವರಿಗೆ ನಿಮ್ಮ ಹೆಸರು ನೆನಪಾಗಬೇಕಾದರೆ, ನಿಮಗೆ ಕೆಲಸ ಇಲ್ಲ ಅನ್ನುವುದು ಅವರಿಗೆ ಗೊತ್ತಿರಬೇಕು ಅಲ್ವಾ?

ಆ ಹುಡುಗನ ಹತ್ತಿರ ಕೂತು ಫೋನಿನ ಕಾಂಟ್ಯಾಕ್ಟ್ ಪಟ್ಟಿ ಪೂರ್ತಿ ನೋಡಿದೆವು. ಯಾರೂ ಇಲ್ಲ ಅಕ್ಕಾ ಅನ್ನುತ್ತಿದ್ದವನಿಗೆ ಒಂದೊಂದೇ ಹೆಸರು ನೆನಪಾಗತೊಡಗಿತು. ಹಿಂದೆ ಅವನ ಟೀಮ್ ಹಾಸನದ ಒಂದು ಪಶು ಆಹಾರ ಕಂಪನಿಗೆ ಡೀಲರ್ ಮೀಟ್‌ನ ವಿಡಿಯೋ ಮಾಡಿಕೊಟ್ಟಿತ್ತು. ಅಲ್ಲಿನ ಸೇಲ್ಸ್ ಮ್ಯಾನೇಜರ್ ನಂಬರ್ ಇತ್ತು. ಅವರಿಗೆ ಅವನು ಬರೆದ ಮೆಸೇಜ್ ಹೀಗಿತ್ತು: "ಸರ್, ಕೆಲಸ ಹುಡುಕುತ್ತಿದ್ದೇನೆ. ಏನಾದರೂ ಇದ್ದರೆ ತಿಳಿಸಿ. ರೆಸ್ಯೂಮೆ ಕಳಿಸಿದ್ದೇನೆ."

ಇಂಥ ಮೆಸೇಜಿಗೆ ಉತ್ತರ ಬರುವುದು ಕಷ್ಟ. ಓದಿದವರಿಗೆ ಕೊಡಲು ಕೆಲಸ ಇಲ್ಲ, ಇಲ್ಲ ಅನ್ನಲು ಮನಸ್ಸಿಲ್ಲ. ಸುಮ್ನೆ ಇದ್ದುಬಿಡುತ್ತಾರೆ. ನಾವಿಬ್ಬರೂ ಸೇರಿ ಬೇರೆ ಬರೆದೆವು:

"ಸರ್ ನಮಸ್ಕಾರ. ಹಾಸನದ ನಿಮ್ಮ ಡೀಲರ್ ಮೀಟ್‌ಗೆ ವಿಡಿಯೋ ಮಾಡಿದ ಟೀಮಿನಲ್ಲಿ ನಾನಿದ್ದೆ. ಕಳೆದ ತಿಂಗಳು ನಮ್ಮ ಇಡೀ ಟೀಮನ್ನು ಕಂಪನಿ ತೆಗೆಯಿತು. ಈಗ ಚಿಕ್ಕಮಗಳೂರಿನ ಮನೆಯಲ್ಲಿದ್ದೇನೆ. ಹೈನುಗಾರರನ್ನು ತಲುಪಲು ನಿಮ್ಮಂಥ ಕಂಪನಿಗಳು ಈಗ ಏನು ಮಾಡುತ್ತಿವೆ ಅಂತ ತಿಳಿದುಕೊಳ್ಳಬೇಕಿತ್ತು. ಈ ವಾರ ಹತ್ತು ನಿಮಿಷ ಬಿಡುವು ಸಿಗುತ್ತದಾ? ಹೇಳಿದರೆ ಹಾಸನಕ್ಕೇ ಬರುತ್ತೇನೆ."

ಇದರಲ್ಲಿ ತಾನು ಯಾರು ಅಂತ ನೆನಪು ಮಾಡಿಕೊಟ್ಟಿದ್ದಾನೆ. ಕೆಲಸ ಹೋದದ್ದನ್ನು ಒಂದೇ ಸಾಲಿನಲ್ಲಿ, ಯಾರನ್ನೂ ಬೈಯದೆ ಹೇಳಿದ್ದಾನೆ. ಕೇಳಿದ್ದು ಅವರು ಕೊಡಬಹುದಾದದ್ದನ್ನೇ. ತಮ್ಮ ಕೆಲಸದ ಬಗ್ಗೆ ಕೇಳಿದರೆ ಮಾತಾಡಲು ಯಾರಿಗೆ ಇಷ್ಟವಿಲ್ಲ? ಭೇಟಿಯಾದಾಗ ಏಳುವ ಮುಂಚೆ ಒಂದು ಪ್ರಶ್ನೆ ಮಾತ್ರ ಮರೆಯಬೇಡ ಅಂದಿದ್ದೆ: "ನಾನು ಇನ್ನು ಯಾರನ್ನು ಮಾತಾಡಿಸಿದರೆ ಒಳ್ಳೆಯದು ಸರ್?" ಅಲ್ಲಿಂದ ಒಂದು ಹೆಸರು ಸಿಕ್ಕರೆ ಆ ದಿನ ದಂಡವಾಗಲಿಲ್ಲ ಅಂತಲೇ ಲೆಕ್ಕ.

ಲಿಂಕ್ಡ್‌ಇನ್‌ನಲ್ಲಿ ಫೋಟೋ ಸುತ್ತ, ಕೆಲಸ ಹುಡುಕುತ್ತಿದ್ದೇನೆ ಅಂತ ತೋರಿಸುವ ಹಸಿರು ಪಟ್ಟಿ ಹಾಕಬೇಕಾ ಬೇಡವಾ ಅಂತ ತುಂಬಾ ಜನ ಕೇಳುತ್ತಾರೆ. ಹಾಕಿ ಅನ್ನುತ್ತೇನೆ. ಅದನ್ನು ನೋಡಿ ಕೀಳಾಗಿ ಕಾಣುವವರ ಹತ್ತಿರ ಕೆಲಸ ಮಾಡುವುದೂ ಬೇಡ. ಮನೆಯವರಿಗೆ ಇನ್ನೂ ಹೇಳಿಲ್ಲ ಅನ್ನುವವರು ರಿಕ್ರೂಟರ್‌ಗಳಿಗೆ ಮಾತ್ರ ಕಾಣುವ ಹಾಗೆ ಇಟ್ಟುಕೊಳ್ಳಬಹುದು. ಪೋರ್ಟಲ್‌ಗಳಲ್ಲೂ ಅರ್ಜಿ ಹಾಕುತ್ತಿರಿ. ದಿನವಿಡೀ ಅದನ್ನೇ ಮಾಡಬೇಡಿ, ಅಷ್ಟೇ.

ರೆಸ್ಯೂಮೆ ವಿಷಯದಲ್ಲಿ ನನಗೆ ನಿಜವಾಗಿ ಬೇಸರವಾದದ್ದು ಒಂದಿದೆ. ಅವನ ರೆಸ್ಯೂಮೆಯಲ್ಲಿ "ಸೋಷಿಯಲ್ ಮೀಡಿಯಾ ಕ್ಯಾಂಪೇನ್‌ಗಳ ನಿರ್ವಹಣೆ" ಅಂತಿತ್ತು. ಅದರಿಂದ ಏನಾಯಿತು ಅಂತ ಕೇಳಿದೆ. ಸ್ವಲ್ಪ ಯೋಚಿಸಿ, ಒಂದೊಂದು ಲೀಡ್‌ಗೆ (ಅಂದರೆ ವಿಚಾರಿಸಿ ಬರುವ ಒಬ್ಬೊಬ್ಬ ಗಿರಾಕಿಗೆ) ಬೀಳುತ್ತಿದ್ದ ಖರ್ಚು ಮೂರರಲ್ಲಿ ಒಂದು ಭಾಗ ಇಳಿದಿತ್ತು, ಬಜೆಟ್ ಒಂದು ರೂಪಾಯಿ ಹೆಚ್ಚಿಸಿರಲಿಲ್ಲ ಅಂದ. ಅಷ್ಟು ಒಳ್ಳೆಯ ಕೆಲಸ ಮಾಡಿದ ಹುಡುಗ ಅದನ್ನು ಬರೆದೇ ಇರಲಿಲ್ಲ! ಖರ್ಚು ಕಡಿಮೆ ಮಾಡಲು ಒದ್ದಾಡುತ್ತಿರುವ ಮಾಲೀಕರಿಗೆ ಬೇಕಾದದ್ದೇ ಆ ಒಂದು ಸಾಲು. ಅದು ಮೊದಲ ಪುಟದ ಮೇಲ್ಭಾಗಕ್ಕೆ ಬಂತು. ಆದರೆ ಉಳಿದ ಕೆಲಸಗಳ ಲೆಕ್ಕ ಅವನಿಗೆ ನೆನಪಿರಲಿಲ್ಲ. ತೆಗೆದ ದಿನವೇ ಲಾಗಿನ್ ಬಂದ್ ಆಗಿತ್ತು. ಈಗ ಕೆಲಸದಲ್ಲಿರುವವರು ಇದನ್ನು ಗಮನಿಸಿ. ಕಂಪನಿಯ ಗುಟ್ಟಿನ ಫೈಲ್ ಮನೆಗೆ ತರಬೇಡಿ, ಅದು ತಪ್ಪು. ನೀವು ಮಾಡಿದ ಕೆಲಸ ಏನು, ಅದರಿಂದ ಏನಾಯಿತು ಅನ್ನುವುದನ್ನು ಮಾತ್ರ ತಿಂಗಳಿಗೊಮ್ಮೆ ನಿಮ್ಮದೇ ಪುಸ್ತಕದಲ್ಲಿ ಬರೆದಿಡಿ.

ಹೊತ್ತು ನೋಡಿ ಕೇಳುವುದೂ ಮುಖ್ಯ. ಕಂಪನಿಗಳ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಜನವರಿಯಿಂದ ಮಾರ್ಚ್‌ವರೆಗೆ ಮುಂದಿನ ವರ್ಷದ ಬಜೆಟ್ ಬರೆಯುತ್ತಾರೆ. ಆಗ ಪರಿಚಯ ಮಾಡಿಕೊಂಡಿದ್ದರೆ ಏಪ್ರಿಲ್, ಮೇನಲ್ಲಿ ಕರೆ ಬರಬಹುದು. ದಸರಾ–ದೀಪಾವಳಿ ಮಾರಾಟಕ್ಕೆ ತಯಾರಿ ಶುರುವಾಗುವುದು ಮಳೆಗಾಲದಲ್ಲೇ. ಇಲ್ಲಿನ ವ್ಯಾಪಾರಿಗಳ ಹತ್ತಿರ ಕೆಲಸ ಕೇಳುವುದಾದರೆ ಬೆಳೆ ನೋಡಬೇಕು. ನಮ್ಮಲ್ಲಿ ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೊಬಸ್ಟಾ ಅದರ ಹಿಂದೆ. ಕೈಯಲ್ಲಿ ದುಡ್ಡು ಓಡಾಡುವುದು ಆಮೇಲೆ.

ಇಲ್ಲಿ ಮಾರ್ಕೆಟಿಂಗ್ ಕೆಲಸ ಎಲ್ಲಿದೆ ಅನ್ನುವವರಿಗೆ ನನ್ನ ಉತ್ತರ ಇದೆ. ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಜಿಐ (ಇಂಥ ಊರಿನದ್ದೇ ಅನ್ನುವ ಭೌಗೋಳಿಕ ಗುರುತು) ಮಾನ್ಯತೆ ಬಂತು. ಅದನ್ನು ಬಳಸಿಕೊಂಡು ಮಾರುವವರು ಇನ್ನೂ ಸಾಲದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ಪಟ್ಟಿ ಸೇರಿದವು. ತೋಟದ ಕಾಫಿಯನ್ನು ತಾವೇ ಹುರಿದು ಪ್ಯಾಕ್ ಮಾಡುವ ಬೆಳೆಗಾರರಿದ್ದಾರೆ, ಎಲ್ಲ ಬುಕಿಂಗನ್ನೂ ಆ್ಯಪ್‌ಗಳಿಗೆ ಬಿಟ್ಟು ಕಮಿಷನ್ ಕಟ್ಟುತ್ತಿರುವ ಹೋಮ್‌ಸ್ಟೇಗಳಿವೆ. ಇವರಲ್ಲಿ ಹೆಚ್ಚಿನವರಿಗೆ ಪೂರ್ತಿ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ವಾರಕ್ಕೆ ಒಂದು ದಿನದ ಕೆಲಸ ಬೇಕು. ಅಂಥ ಮೂರ್ನಾಲ್ಕು ಕಡೆ ಹಿಡಿದರೆ ಮನೆ ಖರ್ಚು ನಡೆಯುತ್ತದೆ, ರೆಸ್ಯೂಮೆಯಲ್ಲಿ ಖಾಲಿ ಜಾಗವೂ ಇರುವುದಿಲ್ಲ. ಹೀಗೆ ಸೇವೆ ಕೊಡುವವರಿಗೆ ಸಾಮಾನ್ಯವಾಗಿ ವರ್ಷದ ಆದಾಯ 20 ಲಕ್ಷ ರೂ. ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಏನು ಮಾಡಿಕೊಡುತ್ತೀರಿ ಅಂತ ಒಂದು ಪುಟ ಬರೆದುಕೊಡಿ, ಅರ್ಧ ದುಡ್ಡು ಮುಂಗಡ ಕೇಳಿ. ನೆಂಟರ ಹೋಮ್‌ಸ್ಟೇ ಆದರೂ ಪುಕ್ಕಟೆ ಮಾಡಬೇಡಿ. ಪುಕ್ಕಟೆ ಮಾಡಿದ ಕೆಲಸಕ್ಕೆ ನಾಳೆ ಬೆಲೆ ಹೇಳಲು ಬಾಯಿ ಬರುವುದಿಲ್ಲ.

ಕೆಲಸ ಕೊಡಿಸುತ್ತೇವೆ ಅಂತ ನೋಂದಣಿ, ಟ್ರೇನಿಂಗ್, ಲ್ಯಾಪ್‌ಟಾಪ್ ಡೆಪಾಸಿಟ್ ಹೆಸರಿನಲ್ಲಿ ದುಡ್ಡು ಕೇಳಿದರೆ ಅಲ್ಲಿಗೇ ಫೋನ್ ಇಡಿ. ಕಷ್ಟದಲ್ಲಿರುವವರನ್ನೇ ಹುಡುಕಿ ಬರುತ್ತಾರೆ ಇವರು. ದುಡ್ಡು ಹೋಗಿದ್ದರೆ ನಾಚಿಕೆ ಪಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನು ಕೆಲಸದಲ್ಲಿರುವ ನಮ್ಮಂಥವರ ಮಾತು. ಅಂಥ ಮೆಸೇಜ್ ಬಂದರೆ ಉತ್ತರ ಕೊಡಿ. ಇಲ್ಲ ಅನ್ನುವುದೂ ಉತ್ತರವೇ. ಸುಮ್ಮನಿದ್ದರೆ ಆ ಕಡೆಯವರು ತಮ್ಮಲ್ಲೇ ಏನೋ ಕೊರತೆ ಇದೆ ಅಂದುಕೊಳ್ಳುತ್ತಾರೆ. ಮದುವೆ ಮನೆಯಲ್ಲಿ ನಾಲ್ಕು ಜನರ ಎದುರು "ಈಗ ಎಲ್ಲಿ ಕೆಲಸ?" ಅಂತ ಕೇಳಬೇಡಿ. ಕೇಳಲೇಬೇಕು ಅನ್ನಿಸಿದರೆ ಪಕ್ಕಕ್ಕೆ ಕರೆದು, ನನಗೆ ಗೊತ್ತಿರುವವರ ಪರಿಚಯ ಮಾಡಿಕೊಡಲಾ ಅಂತ ಕೇಳಿ.

ಹಾಸನದ ಆ ಸೇಲ್ಸ್ ಮ್ಯಾನೇಜರ್ ಹತ್ತಿರ ಕೆಲಸ ಇರಲಿಲ್ಲ. ಹತ್ತು ನಿಮಿಷ ಅಂದವರು ಒಂದು ತಾಸು ಮಾತಾಡಿದರು. ಹೊರಡುವಾಗ ಬಿ.ಎಂ. ರಸ್ತೆಯಲ್ಲಿ ಆಫೀಸ್ ಇರುವ ಇನ್ನೊಬ್ಬರ ನಂಬರ್ ಕೊಟ್ಟರು. ಅವರು ಮತ್ತೊಬ್ಬರ ಹತ್ತಿರ ಕಳಿಸಿದರು. ಅಲ್ಲಿ ಆರು ತಿಂಗಳ ಕಾಂಟ್ರಾಕ್ಟ್ ಸಿಕ್ಕಿತು, ಕೃಷಿ ಉಪಕರಣ ಮಾರುವ ಕಂಪನಿ. ಸಂಬಳ ಬೆಂಗಳೂರಿನಷ್ಟಿಲ್ಲ. ಅದು ಸಿಗುವ ಮುಂಚೆಯೇ ಅವನು ಮನೆಯಲ್ಲಿ ಹೇಳಿದ್ದ. ಅವನ ಅಪ್ಪ ಬೈಯಲಿಲ್ಲ, ಹಾಸನದ ಎಪಿಎಂಸಿಯಲ್ಲಿ ತಮಗೆ ಗೊತ್ತಿದ್ದ ಇಬ್ಬರಿಗೆ ಆ ರಾತ್ರಿಯೇ ಫೋನ್ ಮಾಡಿದರು. ತಂಗಿಯ ಮದುವೆ ಮಾತುಕತೆಯೂ ನಿಲ್ಲಲಿಲ್ಲ.

ಕೆಲಸ ಸಿಕ್ಕ ಮೇಲೆ, ಮಾತಾಡಿಸಿದವರಿಗೆಲ್ಲ ಫೋನ್ ಮಾಡಿ ಎಲ್ಲಿ ಸೇರಿದೆ ಅಂತ ಹೇಳು ಅಂದಿದ್ದೆ. ಹೇಳಿದ್ದಾನೆ. ಈಗ ಬೇಲೂರು ಮೇಲೆ ಬಸ್ಸಿನಲ್ಲಿ ಓಡಾಡುತ್ತಾನೆ. ಕಾಂಟ್ರಾಕ್ಟ್ ಮುಂದುವರಿಯುತ್ತದಾ ಅನ್ನುವುದು ಮಾರ್ಚ್ ಬಜೆಟ್‌ನಲ್ಲಿ ಗೊತ್ತಾಗುತ್ತದೆ. ಆ ಮಾತುಕತೆಗೆ ಅಂತ ಪ್ರತಿ ತಿಂಗಳ ಲೆಕ್ಕವನ್ನು ಈಗಿನಿಂದಲೇ ಬರೆದಿಡುತ್ತಿದ್ದಾನೆ.